ಕಾಲ್ ಮಾಡಲಾ, ಕೈ ಬಿಡಲಾ? ನಡುವಿನ ಕೈ ಹಿಡಿದು ರಿವರ್‌ನಲ್ಲಿ ಕೂತಾಗ

ಪ್ರಶ್ನೆ: ನಾನು ಹುಬ್ಬಳ್ಳಿಯವನು. ವರ್ಷಕ್ಕೆ ಮೂರ್ನಾಲ್ಕು ಸಲ ಗೆಳೆಯರ ಜೊತೆ ಪಣಜಿಗೆ ಹೋಗಿ ಟೆಕ್ಸಾಸ್ ಹೋಲ್ಡೆಮ್ ಪೋಕರ್ (ಕೈಯಲ್ಲಿ ಎರಡು ಎಲೆ, ನೆಲದ ಮೇಲೆ ಎಲ್ಲರಿಗೂ ಸೇರಿದ ಐದು ಎಲೆ) ಆಡುತ್ತೇನೆ. ಕಳೆದ ಸಲ 100-200 ಬ್ಲೈಂಡ್ (ಎಲೆ ಹಂಚುವ ಮೊದಲೇ ಇಬ್ಬರು ಕಡ್ಡಾಯವಾಗಿ ಹಾಕುವ ದುಡ್ಡು) ಟೇಬಲ್ಲಿನಲ್ಲಿ ಎರಡು ಕೈ ತಲೆ ಕೆಡಿಸಿದವು.

ಮೊದಲನೆಯದು: ನನ್ನ ಹತ್ತಿರ ಇಸ್ಪೀಟ್ ಎಕ್ಕ, ಇಸ್ಪೀಟ್ ಗುಲಾಮ. ಬಟನ್‌ನಿಂದ (ಕೊನೆಗೆ ಆಡುವ ಜಾಗ) 800ಕ್ಕೆ ರೇಸ್ ಮಾಡಿದೆ, ಅಂದರೆ ಬೆಟ್ ಏರಿಸಿದೆ. ಬಿಗ್ ಬ್ಲೈಂಡ್‌ನಲ್ಲಿದ್ದ (ಆ 200 ಹಾಕಿದ್ದ), ಐವತ್ತೈದು ದಾಟಿದ ಒಬ್ಬರು ಕಾಲ್ ಮಾಡಿದರು, ಅಂದರೆ ನನ್ನಷ್ಟೇ ದುಡ್ಡು ಹಾಕಿದರು. ಫ್ಲಾಪ್ (ನೆಲದ ಮೊದಲ ಮೂರು ಎಲೆ): ಡೈಮಂಡ್ ಗುಲಾಮ, ಡೈಮಂಡ್ 8, ಕಳಾವರ್ 4. ಅವರು ಚೆಕ್ (ಬೆಟ್ ಮಾಡಲಿಲ್ಲ), ನಾನು 1,000, ಅವರು ಕಾಲ್. ಟರ್ನ್ (ನಾಲ್ಕನೇ ಎಲೆ): ಇಸ್ಪೀಟ್ 2. ಮತ್ತೆ ಚೆಕ್, ನಾನು 2,300, ಕಾಲ್. ರಿವರ್ (ಐದನೇ, ಕೊನೆಯ ಎಲೆ): ಡೈಮಂಡ್ ರಾಣಿ. ಆಗ ಅವರು ಕೈಯಲ್ಲಿದ್ದ ಫೋನನ್ನು ಮಗುಚಿ ಇಟ್ಟು, ತಾವೇ ಮೊದಲು 6,000 ತಳ್ಳಿದರು. ಅದಕ್ಕೆ ಮೊದಲು ಪಾಟ್‌ನಲ್ಲಿ (ಎಲ್ಲರೂ ಹಾಕಿದ ದುಡ್ಡು ಸೇರಿ) 8,300 ಇತ್ತು. ಎಕ್ಕ-ಗುಲಾಮ ಬಿಡೋಕೆ ಮನಸ್ಸು ಬರಲಿಲ್ಲ, ಕಾಲ್ ಮಾಡಿದೆ. ಡೈಮಂಡ್ ಎಕ್ಕ, ಡೈಮಂಡ್ 5 ತೋರಿಸಿದರು, ನೆಲದ ಮೂರೂ ಸೇರಿ ಒಂದೇ ಬಣ್ಣದ (ಒಂದೇ ಜಾತಿಯ) ಐದು ಎಲೆ. ಫ್ಲಶ್.

ಎರಡನೆಯದು, ಒಂದು ಗಂಟೆ ಆದ ಮೇಲೆ: ಬಿಗ್ ಬ್ಲೈಂಡ್‌ನಲ್ಲಿ ನನಗೆ ಜೋಡಿ 9, ಒಂದು ಇಸ್ಪೀಟ್, ಒಂದು ಕಳಾವರ್. ಹೆಡ್‌ಫೋನ್ ಹಾಕಿಕೊಂಡಿದ್ದ ಹುಡುಗನೊಬ್ಬ ಬಟನ್‌ನಿಂದ 600 ಮಾಡಿದ, ಕಾಲ್ ಮಾಡಿದೆ. ಫ್ಲಾಪ್: ಆಠೀನ್ ರಾಜ, ಆಠೀನ್ 7, ಇಸ್ಪೀಟ್ 3. ನಾನು ಚೆಕ್, ಅವನು 500, ಕಾಲ್. ಟರ್ನ್: ಕಳಾವರ್ 2. ಅವನು 1,500, ಕಾಲ್. ರಿವರ್: ಡೈಮಂಡ್ 8. ಪಾಟ್ 5,300, ಅವನ ಬೆಟ್ 4,000. ಈ ಸಲ ಬುದ್ಧಿ ಉಪಯೋಗಿಸೋಣ ಅಂತ ಫೋಲ್ಡ್ ಮಾಡಿದೆ, ಕೈ ಬಿಟ್ಟೆ. ಅವನು ನಗುತ್ತಾ ಆಠೀನ್ ಗುಲಾಮ, ಆಠೀನ್ 10 ತೋರಿಸಿದ. ಏನೂ ಇಲ್ಲ, ಬರೀ ಬ್ಲಫ್.

ಕಾಲ್ ಮಾಡಿದ್ದೂ ತಪ್ಪಾಯಿತು, ಬಿಟ್ಟಿದ್ದೂ ತಪ್ಪಾಯಿತು. ಇಂಥ ಕೈಗಳಲ್ಲಿ ತೀರ್ಮಾನ ಮಾಡೋದು ಹೇಗೆ?

ಉತ್ತರ:

ಅನಮೋಡ ಘಾಟಿ ಹತ್ತಿ ಊರಿಗೆ ವಾಪಸ್ ಬರುವಾಗ ದಾರಿಯುದ್ದಕ್ಕೂ ನಿಮ್ಮ ತಲೆಯಲ್ಲಿ ಎರಡನೇ ಕೈಯೇ ಓಡಿರಬೇಕು, ಅಲ್ವಾ? ಆ ಹುಡುಗನ ನಗು, ಆ ಎರಡು ಆಠೀನ್ ಎಲೆ. ಆದರೆ ನನ್ನನ್ನು ಕೇಳಿದರೆ ನಿಮ್ಮ ನಿಜವಾದ ತಪ್ಪು ಇದ್ದದ್ದು ಮೊದಲನೇ ಕೈಯಲ್ಲಿ. ಎರಡನೆಯದರಲ್ಲಿ ನೀವು ತಪ್ಪೇ ಮಾಡಿಲ್ಲ ಅನ್ನಬಹುದು. ಮಾಡಿದ್ದರೂ ಅದು ಬಹಳ ಸಣ್ಣದು. ಲೆಕ್ಕ ಹಾಕಿ ತೋರಿಸುತ್ತೇನೆ.

ಮೊದಲು ಬೆಲೆ ನೋಡೋಣ. ರಿವರ್‌ನಲ್ಲಿ ಇನ್ನು ಎಲೆ ಬರೋದಿಲ್ಲ, ಆದ್ದರಿಂದ ಲೆಕ್ಕ ಸುಲಭ. ನೀವು ಹಾಕಬೇಕಾದ ದುಡ್ಡನ್ನು, ನೀವು ಹಾಕಿದ ಮೇಲೆ ಪಾಟ್‌ನಲ್ಲಿ ಆಗುವ ಒಟ್ಟು ದುಡ್ಡಿನಿಂದ ಭಾಗಿಸಿ. ಮೊದಲ ಕೈಯಲ್ಲಿ ಪಾಟ್ 8,300, ಅವರ 6,000, ನಿಮ್ಮ 6,000, ಒಟ್ಟು 20,300. ಅದರಲ್ಲಿ ನಿಮ್ಮ ಪಾಲು 6,000, ಅಂದರೆ ಹತ್ತಿರ ಹತ್ತಿರ ನೂರಕ್ಕೆ 30. ಎರಡನೇ ಕೈಯಲ್ಲಿ 5,300, ಅವನ 4,000, ನಿಮ್ಮ 4,000, ಒಟ್ಟು 13,300. ಅಲ್ಲೂ ನೂರಕ್ಕೆ 30. ನೂರು ಸಲ ಹೀಗೆ ಕಾಲ್ ಮಾಡಿದರೆ 30 ಸಲ ಗೆದ್ದರೆ ಸಾಕು, ಲಾಭವೂ ಇಲ್ಲ, ನಷ್ಟವೂ ಇಲ್ಲ.

ಟೇಬಲ್ಲಿನಲ್ಲಿ ಕೂತು ಭಾಗಾಕಾರ ಮಾಡಬೇಕಾಗಿಲ್ಲ. ನಾಲ್ಕೈದು ಅಂಕಿ ಬಾಯಿಪಾಠ ಇರಲಿ. ಪಾಟ್‌ನ ಮೂರನೇ ಒಂದು ಭಾಗ ಬೆಟ್ ಬಂದರೆ ನೂರಕ್ಕೆ 20 ಸಲ ಗೆಲ್ಲಬೇಕು. ಅರ್ಧ ಪಾಟ್ ಬಂದರೆ 25. ಮುಕ್ಕಾಲು ಪಾಟ್ ಬಂದರೆ 30. ಪೂರ್ತಿ ಪಾಟ್ ಬಂದರೆ 33. ಪಾಟ್‌ನ ಎರಡರಷ್ಟು ಬಂದರೂ 40 ಅಷ್ಟೆ. ಇಲ್ಲಿ ಒಂದು ಮಾತು ಗಮನಿಸಿ: ಈ ಅಂಕಿ ಯಾವತ್ತೂ 50 ಮುಟ್ಟೋದಿಲ್ಲ. ಅಂದರೆ ಸರಿಯಾದ ಕಾಲ್ ಕೂಡ ಅರ್ಧಕ್ಕಿಂತ ಜಾಸ್ತಿ ಸಲ ಸೋಲಬಹುದು. ಸರಿಯಾದ ಫೋಲ್ಡ್ ಮಾಡಿದಾಗಲೂ ಎಷ್ಟೋ ಸಲ ಎದುರಿನವರು ಬ್ಲಫ್ ಮಾಡಿರುತ್ತಾರೆ. ಅದಕ್ಕೇ ಅವರು ತೋರಿಸಿದ ಎಲೆ ನೋಡಿ ನಿಮ್ಮ ತೀರ್ಮಾನಕ್ಕೆ ಮಾರ್ಕ್ಸ್ ಕೊಡಬೇಡಿ. ಎಲೆ ತೋರಿಸುವ ಮೊದಲು ನಿಮಗೆ ಏನು ಗೊತ್ತಿತ್ತು, ಅದಕ್ಕೆ ಮಾರ್ಕ್ಸ್ ಕೊಡಿ.

ಎರಡೂ ಕೈಯಲ್ಲಿ ಬೆಲೆ ಒಂದೇ. ಆದರೆ ನನ್ನ ಉತ್ತರ ಬೇರೆ ಬೇರೆ. ಯಾಕೆ ಅನ್ನೋದೇ ನಿಮ್ಮ ಪ್ರಶ್ನೆಯ ತಿರುಳು.

ನಡುವಿನ ಕೈ ಅಂದರೆ ಏನು? ಟಾಪ್ ಪೇರ್ (ನೆಲದ ಅತಿ ದೊಡ್ಡ ಎಲೆಯ ಜೊತೆ ಜೋಡಿ), ಎರಡನೇ ಪೇರ್ (ನೆಲದ ಎರಡನೇ ದೊಡ್ಡ ಎಲೆಯ ಜೊತೆ ಜೋಡಿ), ನೆಲದ ದೊಡ್ಡ ಎಲೆಗಿಂತ ಚಿಕ್ಕ ಜೋಡಿ. ಫ್ಲಾಪ್‌ನಲ್ಲಿ ಇವುಗಳ ನಡುವೆ ವ್ಯತ್ಯಾಸ ಬಹಳ. ಆದರೆ ಎದುರಿನವರು ರಿವರ್‌ನಲ್ಲಿ ದೊಡ್ಡ ಬೆಟ್ ಮಾಡಿದ ಕ್ಷಣ ಆ ವ್ಯತ್ಯಾಸ ಹೆಚ್ಚುಕಡಿಮೆ ಅಳಿಸಿ ಹೋಗುತ್ತದೆ. ಯಾಕಂದರೆ ಮುಕ್ಕಾಲು ಪಾಟ್ ಬೆಟ್ ಮಾಡುವವರ ಹತ್ತಿರ ಎರಡೇ ಥರದ ಕೈ ಇರುತ್ತವೆ. ಒಂದೋ ನಿಮ್ಮನ್ನು ಸೋಲಿಸುವ ಕೈ, ಇಲ್ಲವೋ ಏನೂ ಇಲ್ಲದ ಕೈ. ನಡುವಿನ ಕೈ ಇದ್ದವರು ಚೆಕ್ ಮಾಡುತ್ತಾರೆ, ನಿಮ್ಮ ಹಾಗೇ. ನಿಮ್ಮ ಎರಡನೇ ಕೈಯಲ್ಲಿ ಜೋಡಿ 9 ಇರಲಿ, ಜೋಡಿ 10 ಇರಲಿ, ರಾಣಿಯರ ಜೋಡಿಯೇ ಇರಲಿ, ಏನೂ ಬದಲಾಗುತ್ತಿರಲಿಲ್ಲ. ರಾಜನ ಜೋಡಿಗೆ ಎಲ್ಲವೂ ಸೋಲುತ್ತವೆ. ಬ್ಲಫ್‌ಗೆ ಎಲ್ಲವೂ ಗೆಲ್ಲುತ್ತವೆ. ಹಾಗಾಗಿ 'ನನ್ನ ಕೈ ಎಷ್ಟು ಚೆನ್ನಾಗಿದೆ' ಅನ್ನುವ ಪ್ರಶ್ನೆಯನ್ನು ರಿವರ್‌ನಲ್ಲಿ ಬಿಟ್ಟುಬಿಡಿ. ಕೇಳಬೇಕಾದ್ದು ಒಂದೇ: ಏನೂ ಇಲ್ಲದೆ ಇವರು ಇಲ್ಲಿಗೆ ಬಂದಿದ್ದರೆ, ಯಾವ ಎಲೆ ಹಿಡಿದು ಬಂದರು?

ಇದನ್ನು ಮನಸ್ಸಿನಲ್ಲೇ ಹೆಸರು ಹಿಡಿದು ಹೇಳಬೇಕು. 'ಬ್ಲಫ್ ಇರಬಹುದೇನೋ' ಅನ್ನೋದು ಉತ್ತರ ಅಲ್ಲ. 'ಆಠೀನ್ ಗುಲಾಮ, ಆಠೀನ್ ಹತ್ತು' ಅನ್ನೋದು ಉತ್ತರ.

ಮೊದಲ ಕೈಗೆ ಈ ಪ್ರಶ್ನೆ ಹಾಕಿ ನೋಡಿ. ಫ್ಲಾಪ್‌ನಲ್ಲಿ ಗುಲಾಮ, 8, 4, ಅದರಲ್ಲಿ ಎರಡು ಡೈಮಂಡ್. ಅಲ್ಲಿ ಯಾರಾದರೂ ಡ್ರಾ (ಇನ್ನೊಂದು ಎಲೆ ಬಂದರೆ ದೊಡ್ಡದಾಗುವ ಕೈ) ಹಿಡಿದು ಕಾಲ್ ಮಾಡುತ್ತಾ ಬಂದಿದ್ದರೆ ಯಾವ ಡ್ರಾ? ಡೈಮಂಡ್ ಫ್ಲಶ್ ಡ್ರಾ, ಇಲ್ಲವೇ 10-9. ರಿವರ್‌ನಲ್ಲಿ ಬಂದದ್ದು ಡೈಮಂಡ್ ರಾಣಿ. ಫ್ಲಶ್ ಡ್ರಾ ಫ್ಲಶ್ ಆಯಿತು. 10-9 ಸ್ಟ್ರೇಟ್ ಆಯಿತು, ಸಾಲಾಗಿ ಐದು ಎಲೆ. ರಾಣಿ-ಗುಲಾಮ ಹಿಡಿದಿದ್ದವರಿಗೆ ಎರಡು ಜೋಡಿ ಆಯಿತು. ಆ ಒಂದು ಎಲೆಗೆ ಎಲ್ಲರ ಮನೆಯಲ್ಲೂ ಹಬ್ಬ. ತಪ್ಪಿದ್ದು ಯಾವುದು? ಹೆಚ್ಚಾಗಿ 7-6 ಅಥವಾ 6-5 ಥರದ ಕೈ ಹಿಡಿದು ಸಾಲಿನ ನಡುವಿನ ಎಲೆಗಾಗಿ ಕಾಯುತ್ತಿದ್ದವರು. ಟರ್ನ್‌ನಲ್ಲಿ 2,300 ಕೊಟ್ಟು ಅಂಥ ಎಲೆಗೆ ಕಾಯುವವರು ಕಡಿಮೆ.

ಎಣಿಸೋಣ. 10-9 ಒಟ್ಟು 16 ರೀತಿಯಲ್ಲಿ ಬರಬಹುದು. ರಾಣಿ-ಗುಲಾಮ 6 ರೀತಿ, ಯಾಕಂದರೆ ಒಂದು ರಾಣಿ, ಒಂದು ಗುಲಾಮ ನೆಲದ ಮೇಲಿವೆ, ಇನ್ನೊಂದು ಗುಲಾಮ ನಿಮ್ಮ ಕೈಯಲ್ಲಿದೆ. 8ರ ಸೆಟ್ (ಕೈಯಲ್ಲಿ ಜೋಡಿ, ನೆಲದಲ್ಲಿ ಅದೇ ಎಲೆ ಇನ್ನೊಂದು) 3, 4ರ ಸೆಟ್ 3. ಎರಡು ಡೈಮಂಡ್ ಹಿಡಿದು ಬಿಗ್ ಬ್ಲೈಂಡ್‌ನಿಂದ ಕಾಲ್ ಮಾಡುವ ಕೈಗಳು ಒಂದು ಹನ್ನೆರಡಾದರೂ ಇವೆ. ಎಲ್ಲ ಸೇರಿ ನಿಮ್ಮನ್ನು ಸೋಲಿಸುವ ಕೈ ಸುಮಾರು 40. ಕಾಲ್ ಸರಿ ಹೋಗಬೇಕಾದರೆ ಅದರ ಜೊತೆ 17 ಬ್ಲಫ್ ಬೇಕು. ಒಂದೇ ಬಣ್ಣದ 7-6, 6-5 ಹುಡುಕಿದರೆ ಸಿಗೋದು 6. ಆ ಆರನ್ನೂ ಅವರು 6,000 ಹಾಕಿ ಬ್ಲಫ್ ಮಾಡಬೇಕು. ಎರಡು ಸಲ ಸುಮ್ನೆ ಚೆಕ್ ಮಾಡಿ, ಕಾಲ್ ಮಾಡಿ, ಮೂರನೇ ಸಲ ಇದ್ದಕ್ಕಿದ್ದಂತೆ ತಾವೇ ಮುಂದೆ ಬಂದು ದೊಡ್ಡ ಬೆಟ್ ಮಾಡುವ ಹಿರಿಯರು ಹಾಗೆ ಬ್ಲಫ್ ಮಾಡೋದನ್ನು ನಾನು ಬಹಳ ಅಪರೂಪಕ್ಕೆ ನೋಡಿದ್ದೇನೆ. ಆ ಆರರಲ್ಲಿ ಎರಡನ್ನು ಬ್ಲಫ್ ಮಾಡುತ್ತಾರೆ ಅಂತಲೇ ಇಟ್ಟುಕೊಳ್ಳಿ. ಆಗ 42ರಲ್ಲಿ 2. ಆ ಕಾಲ್‌ನ ಸರಾಸರಿ ನಷ್ಟ ಸುಮಾರು 5,000 ರೂಪಾಯಿ. 6,000 ಹಾಕಿ 5,000 ನಷ್ಟ. ಹೆಚ್ಚುಕಡಿಮೆ ಪೂರ್ತಿ ದುಡ್ಡು ನದಿಗೆ ಹಾಕಿದ ಹಾಗೆ.

ಇನ್ನು ಆ ಫೋನ್. ಅವರು ಫೋನನ್ನು ಮಗುಚಿ ಇಟ್ಟರು ಅಂತ ನೀವೇ ಬರೆದಿದ್ದೀರಿ. ಅದು ನಿಮಗೆ ನೆನಪಿರೋದೇ ಒಂದು ಸಾಕ್ಷಿ. ಆ ಕ್ಷಣದಲ್ಲಿ ನಿಮ್ಮ ಮನಸ್ಸು ಗಮನಿಸಿತ್ತು, ಕೈ ಕೇಳಲಿಲ್ಲ. ಇಷ್ಟು ಹೊತ್ತು ಆಟದಲ್ಲಿ ಅರ್ಧ ಮನಸ್ಸು ಇಟ್ಟಿದ್ದವರು ಪೂರ್ತಿ ಗಮನ ಕೊಟ್ಟರೆ, ಅವರಿಗೆ ಆ ಎಲೆ ಬೇಕಿತ್ತು ಅಂತಲೇ ಅರ್ಥ. ಮುಖ ನೋಡಿ ಮನಸ್ಸು ಓದುವ ಮಾತುಗಳನ್ನು ನಾನು ಜಾಸ್ತಿ ನಂಬೋದಿಲ್ಲ. ಆದರೆ ನಡವಳಿಕೆಯಲ್ಲಿ ಆಗುವ ಬದಲಾವಣೆಯನ್ನು ನಂಬುತ್ತೇನೆ. ಮಾತಾಡುತ್ತಿದ್ದವರು ಸುಮ್ಮನಾದರು. ಒರಗಿ ಕೂತವರು ನೆಟ್ಟಗಾದರು. ಚಹಾದ ಲೋಟ ಪಕ್ಕಕ್ಕೆ ಸರಿಯಿತು. ಅವರ ಮಾಮೂಲು ಏನು ಅಂತ ಗೊತ್ತಿದ್ದರೆ ಮಾತ್ರ ಇವಕ್ಕೆ ಬೆಲೆ. ಎಲೆಯ ಲೆಕ್ಕ ಒಂದು ಕಡೆ ಎಳೆಯುತ್ತಿರುವಾಗ ಇವು ಅದೇ ಕಡೆ ಇನ್ನಷ್ಟು ಒತ್ತಿದರೆ ಒಪ್ಪಿಕೊಳ್ಳಿ. ಲೆಕ್ಕಕ್ಕೆ ವಿರುದ್ಧ ಹೋದರೆ ಲೆಕ್ಕವನ್ನೇ ಹಿಡಿಯಿರಿ.

ಈಗ ಎರಡನೇ ಕೈ. ಇಲ್ಲಿ ಚಿತ್ರ ಪೂರ್ತಿ ತಿರುಗಾ ಮುರುಗಾ. ಫ್ಲಾಪ್‌ನಲ್ಲಿ ಎರಡು ಆಠೀನ್ ಇದ್ದವು. ಟರ್ನ್ ಕಳಾವರ್, ರಿವರ್ ಡೈಮಂಡ್. ಆಠೀನ್‌ಗೆ ಕಾದವರೆಲ್ಲ ಬರಿಗೈ. ಆ ನೆಲದ ಎಲೆಗಳಲ್ಲಿ ಯಾರಿಗೂ ಸ್ಟ್ರೇಟ್ ಕೂಡ ಆಗೋದಿಲ್ಲ. ಬಟನ್‌ನಲ್ಲಿರುವ ಹುಡುಗ ಎರಡು ಆಠೀನ್ ಹಿಡಿದು ರೇಸ್ ಮಾಡಿದ್ದರೆ ಯಾವ ಯಾವ ಕೈ? ಎಕ್ಕದ ಜೊತೆ ರಾಣಿ, ಗುಲಾಮ, 10, 9, 6, 5, 4: ಏಳು. ರಾಣಿ-ಗುಲಾಮ, ರಾಣಿ-10, ರಾಣಿ-9, ಗುಲಾಮ-10, ಗುಲಾಮ-9, 10-9: ಆರು. 6-5, 5-4: ಎರಡು. ಒಟ್ಟು 15 ತಪ್ಪಿದ ಫ್ಲಶ್ ಡ್ರಾ. ಎಲ್ಲಕ್ಕೂ ಹೆಸರಿದೆ ನೋಡಿ. ಮೊದಲ ಕೈಯಲ್ಲಿ ಹುಡುಕಿ ಹುಡುಕಿ ಆರು ಸಿಕ್ಕಿದ್ದವು, ಅವೂ ಅನುಮಾನದವು.

ಇವನು ನಿಜವಾದ ಕೈ ಹಿಡಿದು ಮೂರು ಸಲ ಬೆಟ್ ಮಾಡಿದ್ದರೆ? ಎಕ್ಕಗಳ ಜೋಡಿ 6 ರೀತಿ. ಎಕ್ಕ-ರಾಜ 12 ರೀತಿ, ನಾಲ್ಕು ಎಕ್ಕ, ಉಳಿದ ಮೂರು ರಾಜ. ರಾಜರ ಸೆಟ್, 7, 3, 2ರ ಸೆಟ್, ಒಂದೊಂದು 3 ರೀತಿ, ಒಟ್ಟು 12. ಸೇರಿದರೆ 30. ರಾಜ-ರಾಣಿ ಹಿಡಿದೂ ಮೂರು ಸಲ ಬೆಟ್ ಮಾಡುವವನಾದರೆ ಇನ್ನೂ 12 ಸೇರಿ 42.

ಅವನು ತಪ್ಪಿದ 15 ಡ್ರಾವನ್ನೂ ಕೊನೆವರೆಗೆ ಬ್ಲಫ್ ಮಾಡುವವನು ಅನ್ನಿ. ಎದುರಿಗೆ 30 ನಿಜವಾದ ಕೈ. 45ರಲ್ಲಿ 15, ನೂರಕ್ಕೆ 33. ನಿಮಗೆ ಬೇಕಿದ್ದದ್ದು 30. ಕಾಲ್ ಮಾಡಿದರೆ ಸರಾಸರಿ 430 ರೂಪಾಯಿ ಲಾಭ. ರಾಜ-ರಾಣಿಯನ್ನೂ ಬೆಟ್ ಮಾಡುವವನಾದರೆ 57ರಲ್ಲಿ 15, ನೂರಕ್ಕೆ 26. ಕಾಲ್ ಮಾಡಿದರೆ 500 ರೂಪಾಯಿ ನಷ್ಟ. ಅವನು ಬರೀ 8 ಡ್ರಾವನ್ನು ಬ್ಲಫ್ ಮಾಡಿ ಉಳಿದದ್ದನ್ನು ಬಿಟ್ಟುಕೊಡುವವನಾದರೆ, 30 ನಿಜವಾದ ಕೈಯ ಎದುರು, ಸುಮಾರು 1,200 ನಷ್ಟ.

9,300 ಇರುವ ಪಾಟ್‌ನಲ್ಲಿ 430 ಆ ಕಡೆ, 500 ಈ ಕಡೆ. ತಕ್ಕಡಿ ನಡುವೆ ನಿಂತಿದೆ. ನೀವು ಬಿಟ್ಟಿದ್ದು ಯಾವ ರೀತಿಯಲ್ಲೂ ದೊಡ್ಡ ತಪ್ಪಲ್ಲ. ಮೊದಲ ಕೈಯ 5,000ದ ಪಕ್ಕದಲ್ಲಿ ಇದನ್ನು ಇಟ್ಟು ನೋಡಿ. ಹತ್ತು ಪಟ್ಟು ವ್ಯತ್ಯಾಸ. ಆದರೂ ಮನಸ್ಸಿಗೆ ಚುಚ್ಚಿದ್ದು ಎರಡನೆಯದೇ, ಯಾಕಂದರೆ ಅಲ್ಲಿ ಒಬ್ಬ ನಕ್ಕ. ಮೊದಲನೆಯದರಲ್ಲಿ 'ಏನ್ ಮಾಡೋದು, ಫ್ಲಶ್ ಬಂತು' ಅಂತ ಸಮಾಧಾನ ಮಾಡಿಕೊಂಡಿರುತ್ತೀರಿ. ನನ್ನ ಹತ್ತಿರ ಕಲಿಯೋಕೆ ಬರುವವರಲ್ಲಿ ಹೆಚ್ಚಿನವರು ಹೀಗೇ. ಬ್ಲಫ್‌ಗೆ ಬಿಟ್ಟ ಕೈ ವರ್ಷಗಟ್ಟಲೆ ನೆನಪಿರುತ್ತದೆ. ಸುಮ್ನೆ ಕೊಟ್ಟ ದುಡ್ಡು ಮರುದಿನವೇ ಮರೆತುಹೋಗುತ್ತದೆ. ಸಣ್ಣ ಸ್ಟೇಕ್‌ನ ಲೈವ್ ಟೇಬಲ್ಲುಗಳಲ್ಲಿ ಜನರ ದುಡ್ಡು ಕರಗೋದು ಆ ಮರೆತುಹೋಗುವ ಕಾಲ್‌ಗಳಿಂದ.

ಒಂದು ದೊಡ್ಡ ಉದಾಹರಣೆ ಹೇಳುತ್ತೇನೆ. 2003ರಲ್ಲಿ ಲಾಸ್ ವೆಗಾಸ್‌ನ ಬಿನಿಯನ್ಸ್ ಹಾರ್ಸ್‌ಶೂನಲ್ಲಿ ನಡೆದ ವರ್ಲ್ಡ್ ಸೀರೀಸ್ ಆಫ್ ಪೋಕರ್ ಮುಖ್ಯ ಟೂರ್ನಿ. 839 ಜನ ಆಡಿದ್ದರು. ಕೊನೆಗೆ ಉಳಿದವರು ಇಬ್ಬರು. ಒಬ್ಬರು ಆನ್‌ಲೈನ್ ಸ್ಯಾಟಲೈಟ್ (ದೊಡ್ಡ ಟೂರ್ನಿಗೆ ಪ್ರವೇಶ ಕೊಡಿಸುವ ಚಿಕ್ಕ ಟೂರ್ನಿ) ಗೆದ್ದು ಬಂದಿದ್ದ ಟೆನ್ನೆಸ್ಸಿಯ ಅಕೌಂಟೆಂಟ್ ಕ್ರಿಸ್ ಮನಿಮೇಕರ್, ಇನ್ನೊಬ್ಬರು ಹಳೇ ಹುಲಿ ಸ್ಯಾಮಿ ಫರ್ಹಾ. ನೆಲದ ಮೇಲೆ ಇಸ್ಪೀಟ್ 9, ಡೈಮಂಡ್ 2, ಇಸ್ಪೀಟ್ 6, ಇಸ್ಪೀಟ್ 8, ಆಠೀನ್ 3. ಫರ್ಹಾ ಹತ್ತಿರ ರಾಣಿ ಮತ್ತು 9, ಅಂದರೆ ಟಾಪ್ ಪೇರ್. ಮನಿಮೇಕರ್ ಹತ್ತಿರ ಇಸ್ಪೀಟ್ ರಾಜ, ಆಠೀನ್ 7. ಫ್ಲಶ್ ತಪ್ಪಿತ್ತು, ಸ್ಟ್ರೇಟೂ ತಪ್ಪಿತ್ತು. ರಿವರ್‌ನಲ್ಲಿ ಮನಿಮೇಕರ್ ಇದ್ದದ್ದೆಲ್ಲ ತಳ್ಳಿದರು. ಫರ್ಹಾ ಬಹಳ ಹೊತ್ತು ಯೋಚಿಸಿದರು. ಫ್ಲಶ್ ತಪ್ಪಿತೇನು ಅಂತ ಎದುರಿನವರನ್ನೇ ಕೇಳಿದರು. ಆಮೇಲೆ ಕೈ ಬಿಟ್ಟರು. ಮುಂದೆ ಟೂರ್ನಿ ಗೆದ್ದ ಮನಿಮೇಕರ್‌ಗೆ 25 ಲಕ್ಷ ಡಾಲರ್ ಬಂತು.

ಆ ಕೈಯನ್ನು ನಾನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ನನಗೆ ಅದರಲ್ಲಿ ಮುಖ್ಯ ಅನ್ನಿಸೋದು ಫರ್ಹಾ ಕೇಳಿದ ಪ್ರಶ್ನೆ. ಸರಿಯಾದ ಪ್ರಶ್ನೆ ಅದೇ. ಯಾವ ಎಲೆ ಹಿಡಿದು ಬ್ಲಫ್ ಮಾಡುತ್ತಿರಬಹುದು ಅನ್ನೋದಕ್ಕೆ ಅವರು ಹೆಸರನ್ನೇ ಹುಡುಕಿದ್ದರು. ಆದರೆ ಇಸ್ಪೀಟ್ ಮೂರು ಬಿದ್ದಿರುವ ಆ ನೆಲದಲ್ಲಿ ಆಗಲೇ ಫ್ಲಶ್ ಆಗಿರುವ ಕೈಗಳೂ ಇದ್ದವು, ಸ್ಟ್ರೇಟ್‌ಗಳೂ ಇದ್ದವು, ಎದುರಿಗೆ ಇಡೀ ಚಾಂಪಿಯನ್‌ಶಿಪ್ ಇತ್ತು. ಹೆಸರು ಸಿಕ್ಕಿದರೂ ತಕ್ಕಡಿ ಯಾವ ಕಡೆ ಅಂತ ಹೇಳೋದು ಸುಲಭ ಅಲ್ಲ. ಅಂಥ ದೊಡ್ಡ ಆಟಗಾರರಿಗೇ ಹಾಗಾದರೆ ನಿಮ್ಮ ಜೋಡಿ 9 ಬಗ್ಗೆ ಇಷ್ಟು ಕೊರಗಬೇಡಿ.

ಈಗ ನೀವು ಕೇಳಬಹುದು, ಹಾಗಾದರೆ ಫ್ಲಾಪ್‌ನಲ್ಲಿ ಟಾಪ್ ಪೇರ್ ಆಗಿದ್ದ ಎಕ್ಕ-ಗುಲಾಮ ಬಿಡಬೇಕು, ಜೋಡಿ 9 ಹಿಡಿಯಬೇಕೋ ಅಂತ. ಕೆಲವು ಸಲ ಹೌದು. ವಿಚಿತ್ರ ಅನ್ನಿಸಿದರೂ ನಿಜ. ಇನ್ನೂ ಒಂದು ಸೂಕ್ಷ್ಮ ಇದೆ. ನಿಮ್ಮ ಜೋಡಿ 9ರಲ್ಲಿ ಇಸ್ಪೀಟ್, ಕಳಾವರ್ ಇದ್ದವು, ಆಠೀನ್ ಇರಲಿಲ್ಲ. ಅದು ಒಳ್ಳೆಯದು. ನಿಮ್ಮ ಕೈಯಲ್ಲೇ ಆಠೀನ್ 9 ಇದ್ದಿದ್ದರೆ, ಅವನ ಹತ್ತಿರ ಇರಬಹುದಾದ ನಾಲ್ಕು ತಪ್ಪಿದ ಡ್ರಾ ಇಲ್ಲವಾಗುತ್ತಿದ್ದವು. ಎಕ್ಕ-9, ರಾಣಿ-9, ಗುಲಾಮ-9, 10-9. ಹದಿನೈದು ಹನ್ನೊಂದಾಗುತ್ತಿತ್ತು. ಆಗ 30ರ ಎದುರು 11, ನೂರಕ್ಕೆ 27. ಫೋಲ್ಡ್. ಒಂದೇ ಎಲೆಯ ಬಣ್ಣ ತೀರ್ಮಾನವನ್ನು ತಿರುಗಿಸಿಬಿಡುತ್ತದೆ. ಬಹಳ ಜನ ಇದನ್ನು ಉಲ್ಟಾ ಮಾಡುತ್ತಾರೆ. 'ನನ್ನ ಹತ್ತಿರ ಒಂದು ಆಠೀನ್ ಇದೆ, ಅವನಿಗೆ ಫ್ಲಶ್ ಇರೋದು ಕಷ್ಟ' ಅಂತ ಧೈರ್ಯ ತಂದುಕೊಳ್ಳುತ್ತಾರೆ. ಫ್ಲಶ್ ಬಂದಿದ್ದರೆ ಆ ಮಾತು ಸರಿ. ಫ್ಲಶ್ ತಪ್ಪಿದಾಗ ಅದೇ ಎಲೆ ನಿಮ್ಮ ವಿರುದ್ಧ ಕೆಲಸ ಮಾಡುತ್ತದೆ. ಎದುರಿನವನ ಬ್ಲಫ್ ನಿಮ್ಮ ಕೈಯಲ್ಲೇ ಕೂತಿರುತ್ತದೆ.

ರಿವರ್ ಮಾತಾಯಿತು. ಆದರೆ ರಿವರ್‌ನ ಕಷ್ಟ ಹುಟ್ಟೋದು ಟರ್ನ್‌ನಲ್ಲಿ. ಎರಡನೇ ಕೈಯಲ್ಲಿ ಟರ್ನ್‌ಗೆ 1,500 ಬಂದಾಗ ನೀವು ಆ 1,500 ಮಾತ್ರ ನೋಡಿದಿರಿ. ನಿಜವಾದ ಬೆಲೆ ಅದಲ್ಲ. ಅವನು ಮತ್ತೆ ಬೆಟ್ ಮಾಡಿದರೆ ಇನ್ನೂ 4,000 ಇದೆ, ಒಟ್ಟು 5,500. ಟರ್ನ್‌ನಲ್ಲಿ ಕಾಲ್ ಮಾಡುವಾಗಲೇ ತೀರ್ಮಾನ ಮಾಡಿಟ್ಟುಕೊಳ್ಳಿ: ಆಠೀನ್ ಬಂದರೆ ಬಿಡುತ್ತೇನೆ. ಎಕ್ಕ ಬಂದರೆ ಬಿಡುತ್ತೇನೆ. ಸುಮ್ನೆ ಒಂದು 8, 4 ಬಿದ್ದರೆ, ಈ ಹುಡುಗ ಬ್ಲಫ್ ಮಾಡುವವನಾದರೆ ಕಾಲ್. ಹೀಗೆ ಮೊದಲೇ ಯೋಚಿಸಿದ್ದರೆ ರಿವರ್‌ನಲ್ಲಿ ಎದೆ ಹೊಡೆದುಕೊಳ್ಳೋದು ಕಡಿಮೆ. ಎಲ್ಲರೂ ನಿಮ್ಮನ್ನೇ ನೋಡುತ್ತಿರುವಾಗ, ಡೀಲರ್ ಕಾಯುತ್ತಿರುವಾಗ, ಮೊದಲಿಂದ ಲೆಕ್ಕ ಶುರು ಮಾಡೋದು ಯಾರಿಗೂ ಕಷ್ಟ. ಯಾವ ರಿವರ್‌ನಲ್ಲೂ ಕಾಲ್ ಮಾಡುವ ಮನಸ್ಸಿಲ್ಲ ಅಂದರೆ ಟರ್ನ್‌ನಲ್ಲೇ ಬಿಡಿ. 1,500 ಉಳಿಯಿತು.

ಪಾಟ್‌ನಲ್ಲಿ ಮೂರು ಜನ ಇದ್ದರೆ ಇಷ್ಟೆಲ್ಲ ಬೇಡ. ಇಬ್ಬರ ಮೇಲೆ ಒಟ್ಟಿಗೆ ಬ್ಲಫ್ ಮಾಡುವ ಧೈರ್ಯ ಈ ಸ್ಟೇಕ್‌ನಲ್ಲಿ ಕಡಿಮೆ. ದೊಡ್ಡ ಬೆಟ್ ಬಂದರೆ ನಡುವಿನ ಕೈ ಇಟ್ಟುಬಿಡಿ.

ಸಾಲ್ವರ್ (ಪೋಕರ್ ಲೆಕ್ಕ ಮಾಡುವ ಕಂಪ್ಯೂಟರ್ ಪ್ರೋಗ್ರಾಮ್) ನೋಡಿ ಕಲಿತವರು ನಿಮಗೆ ಬೇರೆ ಮಾತು ಹೇಳಬಹುದು. ಅರ್ಧ ಪಾಟ್ ಬೆಟ್ ಬಂದರೆ ನಿಮ್ಮ ಕೈಗಳಲ್ಲಿ ಮೂರನೇ ಎರಡು ಭಾಗ ಹಿಡಿಯಬೇಕು, ಪೂರ್ತಿ ಪಾಟ್ ಬಂದರೆ ಅರ್ಧ ಹಿಡಿಯಬೇಕು, ಇಲ್ಲದಿದ್ದರೆ ಎದುರಿನವನು ಯಾವ ಎಲೆಯಲ್ಲಾದರೂ ಬ್ಲಫ್ ಮಾಡಿ ಲಾಭ ಮಾಡುತ್ತಾನೆ ಅಂತ. ಲೆಕ್ಕ ಸರಿ. ಆದರೆ ಅದು ಹಾಗೆ ಬ್ಲಫ್ ಮಾಡಬಲ್ಲವನ ಎದುರಿಗೆ ಹಾಕುವ ಬೇಲಿ. ಮೊದಲ ಕೈಯ ಹಿರಿಯರು ನಿಮ್ಮ ಹೊಲಕ್ಕೆ ನುಗ್ಗುವವರೇ ಅಲ್ಲ. ಅವರ ಎದುರು ಬೇಲಿಗೆ ದುಡ್ಡು ಸುರಿಯೋದು ಯಾಕೆ? ಅವರು ದೊಡ್ಡ ಬೆಟ್ ಮಾಡಿದಾಗ ಹತ್ತಕ್ಕೆ ಹತ್ತು ಸಲ ಎಕ್ಕ-ಗುಲಾಮ ಬಿಡಿ. ಅವರಿಗೆ ಅದು ಗೊತ್ತೂ ಆಗೋದಿಲ್ಲ.

ಹುಡುಗನ ವಿಷಯ ಬೇರೆ. 2025ರ ಆಗಸ್ಟ್‌ನಲ್ಲಿ ಸಂಸತ್ತು ಪಾಸ್ ಮಾಡಿದ ಕಾಯ್ದೆಯಿಂದ ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳು ನಿಂತವು. ಅಲ್ಲಿ ಆಡಿ ಪಳಗಿದವರಲ್ಲಿ ಕೆಲವರು ಈಗ ಲೈವ್ ಟೇಬಲ್ಲಿಗೆ ಬರುತ್ತಿದ್ದಾರೆ. ಅವರಿಗೆ ಮೂರು ಸಲ ಬೆಟ್ ಮಾಡಿ ಬ್ಲಫ್ ಮಾಡೋದು ಹೊಸದಲ್ಲ. ಆ ಹುಡುಗ ಅಂಥವನೇ ಅಂತ ಹೆಡ್‌ಫೋನ್ ನೋಡಿ ಹೇಳಬೇಡಿ. ಹೆಡ್‌ಫೋನ್ ಹಾಕಿಕೊಂಡು ಬಹಳ ಅಂಜುತ್ತಾ ಆಡುವವರೂ ಇದ್ದಾರೆ. ಬೆಟ್‌ನ ಅಳತೆ ನೋಡಿ. ಫ್ಲಾಪ್‌ನಲ್ಲಿ ಚಿಕ್ಕದು, ಟರ್ನ್‌ನಲ್ಲಿ ಮೂರನೇ ಎರಡು ಭಾಗ, ರಿವರ್‌ನಲ್ಲಿ ಮುಕ್ಕಾಲು. ಇದು ಕಲಿತವನ ಕೈ.

ನನ್ನದೇ ಒಂದು ಕೈ ಹೇಳಬೇಕು. ಬಹಳ ವರ್ಷದ ಹಿಂದೆ ಗೋವಾದಲ್ಲೇ ಒಬ್ಬ ನನಗೆ ಬ್ಲಫ್ ತೋರಿಸಿ ನಕ್ಕಿದ್ದ. ಇಪ್ಪತ್ತು ನಿಮಿಷ ಕಳೆದ ಮೇಲೆ ಇನ್ನೊಬ್ಬರು ರಿವರ್‌ನಲ್ಲಿ ಪೂರ್ತಿ ಪಾಟ್ ಬೆಟ್ ಮಾಡಿದರು. ಸಂಜೆಯಿಂದ ಅವರು ಒಂದೇ ಒಂದು ರೇಸ್ ಮಾಡಿರಲಿಲ್ಲ. ನನ್ನ ಹತ್ತಿರ ಎರಡನೇ ಪೇರ್. ಚಿಪ್ಸ್ ಎಣಿಸದೆ ತಳ್ಳಿದೆ. ಅವರು ಸೆಟ್ ತೋರಿಸಿದರು. ಮೊದಲನೆಯವನ ಮೇಲಿನ ಸಿಟ್ಟಿನ ಬಿಲ್ಲನ್ನು ನಾನು ಈ ಮನುಷ್ಯನಿಗೆ ಕಟ್ಟಿದ್ದೆ. ಅವತ್ತಿಂದ ಒಂದು ಅಭ್ಯಾಸ ಮಾಡಿಕೊಂಡಿದ್ದೇನೆ. ರಿವರ್‌ನಲ್ಲಿ ಚಿಪ್ಸ್ ಮುಟ್ಟುವ ಮೊದಲು ಎದುರಿಗಿರುವವರ ಮುಖ ಒಂದು ಸಲ ನೋಡುತ್ತೇನೆ. ಏನನ್ನೂ ಓದೋಕೆ ಅಲ್ಲ. ನಾನು ಯಾರ ಜೊತೆ ಆಡುತ್ತಿದ್ದೇನೆ ಅಂತ ನೆನಪು ಮಾಡಿಕೊಳ್ಳೋಕೆ.

ದುಡ್ಡಿನ ಬಗ್ಗೆಯೂ ಒಂದು ಮಾತು, ಯಾಕಂದರೆ ಅದೂ ಈ ತೀರ್ಮಾನವನ್ನು ಕೆಡಿಸುತ್ತದೆ. 4,000 ಬೆಟ್ ಕಂಡಾಗ ನಿಮ್ಮ ತಲೆಯಲ್ಲಿ ಮನೆ ಬಾಡಿಗೆ, ಮಗುವಿನ ಫೀಸು ಬಂದರೆ ನೀವು ಆ ಟೇಬಲ್ಲಿನಲ್ಲಿ ಇರಬಾರದು. ಅಂಥ ಹೊತ್ತಿನಲ್ಲಿ ಲೆಕ್ಕ ಏನೇ ಹೇಳಿದರೂ ಕೈ ಹೆದರಿಕೊಂಡು ಬಿಡುತ್ತದೆ, ಇಲ್ಲವೇ ಹೋದದ್ದನ್ನು ವಾಪಸ್ ತರೋಣ ಅಂತ ಕಣ್ಣು ಮುಚ್ಚಿ ಹಾಕುತ್ತದೆ. ಹೋದರೂ ಪರವಾಗಿಲ್ಲ ಅನ್ನುವಷ್ಟು ದುಡ್ಡು ಮಾತ್ರ ತೆಗೆದುಕೊಂಡು ಹೋಗಿ. ಇದನ್ನು ಮನಸ್ಸಿನಿಂದ ಹೇಳುತ್ತಿದ್ದೇನೆ.

ಕೊನೆಯದು, ನನ್ನ ಪ್ರಕಾರ ನೀವು ಅತಿ ಬೇಗ ಸುಧಾರಿಸಬಹುದಾದ ಜಾಗ. ಲೈವ್ ಟೇಬಲ್ಲಿನಲ್ಲಿ ಗಂಟೆಗೆ 25-30 ಕೈ ನಡೆಯುತ್ತವೆ. ಸರಿಯಾಗಿ ಆಡುವವರು ಅದರಲ್ಲಿ ಐದಾರು ಕೈ ಆಡಿದರೆ ಜಾಸ್ತಿ. ಉಳಿದ ಇಪ್ಪತ್ತು ಕೈಗಳಲ್ಲಿ ನೀವು ಏನು ಮಾಡುತ್ತೀರಿ? ನೀವೂ ಫೋನ್ ನೋಡುತ್ತಿದ್ದಿರಾ? ಎರಡನೇ ಕೈಯ ತೀರ್ಮಾನ ನಿಂತಿದ್ದು ಒಂದೇ ವಿಷಯದ ಮೇಲೆ. ಆ ಹುಡುಗ ತಪ್ಪಿದ ಡ್ರಾಗಳನ್ನೆಲ್ಲ ಬ್ಲಫ್ ಮಾಡುತ್ತಾನಾ, ಅರ್ಧ ಮಾತ್ರ ಮಾಡುತ್ತಾನಾ? ಅದಕ್ಕೆ ಉತ್ತರ ನಿಮ್ಮ ಎರಡು 9ರಲ್ಲಿ ಇರಲಿಲ್ಲ. ಅದಕ್ಕೆ ಮೊದಲಿನ ಒಂದು ಗಂಟೆಯಲ್ಲಿ, ನೀವು ಇಲ್ಲದ ಕೈಗಳಲ್ಲಿ ಇತ್ತು. ಯಾರು ರಿವರ್‌ನಲ್ಲಿ ಬೆಟ್ ಮಾಡಿದರು, ಶೋಡೌನ್‌ನಲ್ಲಿ ಏನು ತೋರಿಸಿದರು, ಅದೇ ಎಲೆಯನ್ನು ಫ್ಲಾಪ್‌ನಲ್ಲಿ ಹೇಗೆ ಆಡಿದ್ದರು. ಇಷ್ಟು ಗಮನಿಸಿದರೆ ಸಾಕು. ಒಂಬತ್ತು ಜನರ ಬಗ್ಗೆಯೂ ಬೇಡ, ನಿಮ್ಮ ಎಡಗಡೆಯ ಇಬ್ಬರು, ಬಲಗಡೆಯ ಇಬ್ಬರಿಂದ ಶುರು ಮಾಡಿ.

ಆ ಹುಡುಗ ತೋರಿಸಿದ ಗುಲಾಮ-10 ಬಗ್ಗೆ ಬೇಜಾರು ಮಾಡಿಕೊಂಡಿದ್ದೀರಿ. ಅವನು ತೋರಿಸಬೇಕಾಗಿರಲಿಲ್ಲ, ಸುಮ್ನೆ ತೋರಿಸಿದ. 500 ರೂಪಾಯಿಯ ಅನುಮಾನ ಇದ್ದ ಜಾಗದಲ್ಲಿ ನಿಮಗೆ ಪುಕ್ಕಟೆ ಉತ್ತರ ಕೊಟ್ಟ. ಗುಲಾಮ-10 ಹಿಡಿದು ಮೂರು ಸಲ ಬೆಟ್ ಮಾಡುವವನು ರಾಣಿ-ಗುಲಾಮ, 10-9 ಹಿಡಿದೂ ಮಾಡುತ್ತಾನೆ. ಅವನ ಲೆಕ್ಕದಲ್ಲಿ ಇನ್ನು ಮುಂದೆ 8 ಬೇಡ, 15 ಹಾಕಿ. ಮುಂದಿನ ಸಲ ಅವನೇ ಎದುರಿಗಿದ್ದು, ಡ್ರಾ ತಪ್ಪಿದ್ದು, ನಿಮ್ಮ ಕೈಯಲ್ಲಿ ಆ ಬಣ್ಣದ ಎಲೆ ಇಲ್ಲದಿದ್ದರೆ, ಮುಕ್ಕಾಲು ಪಾಟ್ ಬೆಟ್‌ಗೆ ಜೋಡಿ 9 ಹಿಡಿದು ಕಾಲ್ ಮಾಡಿ.